ನಲವತ್ತೊಂದನೇ ನಂಬರಿನ ಬಿಲ್ಲೆ

ಹೆಡ್ಲಿ ಟ್ರೆಂಬಾತ್‌ನನ್ನು ಹೊಗಳುವ ಅಭ್ಯಾಸ ನನಗಿಲ್ಲ. ಅವನು ಮೊಂಡ, ಜುಗ್ಗ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಬಂದರೆ ಏಳುತ್ತಿರಲಿಲ್ಲ. ಆದರೆ ನಮ್ಮ ಪೆನ್‌ರೋಸ್ ಫ್ಲಾಟ್ ಊರಿನಲ್ಲಿ ಲೋಹ ಪತ್ತೆ ಮಾಡುವ ಡಿಟೆಕ್ಟರ್ ಹಿಡಿದು ನೆಲ ಹುಡುಕುವವರನ್ನು ಯಾರನ್ನು ಬೇಕಾದರೂ ಕೇಳಿ, ಸಿಕ್ಕಿದ್ದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಹೇಳದ ಮನುಷ್ಯ ಅವನೊಬ್ಬನೇ ಎನ್ನುತ್ತಾರೆ. ಈ ಹವ್ಯಾಸದಲ್ಲಿ ಅದು ಸಣ್ಣ ಮಾತಲ್ಲ. ಇಲ್ಲಿ ಬೆಳಿಗ್ಗೆ ಮೊಳೆ ಸಿಕ್ಕವನು ಸಂಜೆ ಪಬ್ಬಿಗೆ ಬರುವಷ್ಟರಲ್ಲಿ ಅದನ್ನು ನಾಣ್ಯ ಮಾಡಿರುತ್ತಾನೆ. ನಾಣ್ಯ ಸಿಕ್ಕವನು ಅದನ್ನು ಚಿನ್ನದ ಸವರನ್ ಮಾಡಿರುತ್ತಾನೆ.

ನಾನು ಗ್ಲೆನಿಸ್. ಈ ಊರಿನ ಬೇಕರಿಯಲ್ಲಿ ಆಯಸ್ಸಿನ ಅರ್ಧಭಾಗ ಪೈ ಬೇಯಿಸಿದವಳು. ಗಂಡ ತೀರಿಕೊಂಡ ಮೇಲೆ ಗೋಡೆ ನೋಡಿಕೊಂಡು ಕೂರಲಾಗದೆ ಯಾರೋ ಬಳಸಿ ಬಿಟ್ಟ ಡಿಟೆಕ್ಟರ್ ಒಂದನ್ನು ಕೊಂಡೆ. ಅದನ್ನು ಹಿಡಿಯಲು ಕಲಿಸಿದವನು ಹೆಡ್ಲಿ. ಕಲಿಸಿದ ಎನ್ನುವುದಕ್ಕಿಂತ ಬೈದ ಎನ್ನುವುದೇ ಸರಿ.

"ಪೊರಕೆ ಬೀಸೋ ಹಾಗೆ ಬೀಸ್ಬೇಡ ಕಣೇ. ಬಟ್ಟೆಗೆ ಇಸ್ತ್ರಿ ಮಾಡೋ ಹಾಗೆ ನೆಲದ ಮೇಲೆ ಸವರು."

"ತೋಡಿದ ಗುಂಡಿ ಮುಚ್ಚು. ಕುರಿ ಕಾಲು ಮುರ್ಕೊಂಡ್ರೆ ನೀನು ಹೊತ್ಕೊಂಡ್ ಹೋಗ್ತೀಯಾ?"

ಅವನು ದೇವರ ಆಜ್ಞೆಯ ಹಾಗೆ ಹೇಳುತ್ತಿದ್ದ ಮಾತು ಇನ್ನೊಂದು. ಸಿಕ್ಕಿದ್ದನ್ನು ಉಜ್ಜಬಾರದು. ನೀರು, ಮೆತ್ತನೆಯ ಬ್ರಷ್ಷು, ತಾಳ್ಮೆ, ಅಷ್ಟೇ. ಒಮ್ಮೆ ನನಗೆ ಹಳೆಯ ಮೆಲ್ಬರ್ನಿನ ದಿನಸಿ ಅಂಗಡಿಯವನೊಬ್ಬ ಚಿಲ್ಲರೆ ಸಿಗದ ಕಾಲದಲ್ಲಿ ತಾನೇ ಅಚ್ಚು ಹಾಕಿಸಿದ ತಾಮ್ರದ ಬಿಲ್ಲೆ ಸಿಕ್ಕಿತ್ತು. ಹೊಳೆಯಲಿ ಎಂದು ರಾತ್ರಿಯೆಲ್ಲ ವಿನೆಗರಿನಲ್ಲಿ ನೆನೆಹಾಕಿದೆ. ಹೊಳೆಯಿತು. ಅಂಗಡಿಯವನ ಹೆಸರು ಮಾತ್ರ ಹೋಯಿತು. ಅದನ್ನು ನೋಡಿ ಹೆಡ್ಲಿ ಒಂದು ವಾರ ನನ್ನೊಡನೆ ಮಾತು ಬಿಟ್ಟ. "ನೂರೈವತ್ತು ವರ್ಷ ಮಣ್ಣು ಕಾಪಾಡಿತ್ತು. ನಿನ್ನ ಕೈಯಲ್ಲಿ ಒಂದು ರಾತ್ರಿ ಉಳೀಲಿಲ್ಲ" ಎಂದ. ಮಣ್ಣಿನಲ್ಲಿ ಬಹಳ ಕಾಲ ಬಿದ್ದ ತಾಮ್ರ ಹಿತ್ತಾಳೆಗಳ ಅಕ್ಷರ ಎಷ್ಟೋ ಸಲ ಆ ಹಸಿರು ಕಿಲುಬಿನಲ್ಲೇ ಉಳಿದಿರುತ್ತದೆ. ಕಿಲುಬು ಕಿತ್ತರೆ ಅಕ್ಷರವೂ ಕಿತ್ತು ಬರುತ್ತದೆ. ಇದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಆದರೆ ಅವನು ಹುಡುಕುತ್ತಿದ್ದುದು ನಾಣ್ಯವನ್ನಲ್ಲ, ಚಿನ್ನವನ್ನೂ ಅಲ್ಲ. ಸಿಕ್ಕ ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡು ಮರೆತುಬಿಡುತ್ತಿದ್ದ. ಅವನು ಹುಡುಕುತ್ತಿದ್ದುದು ತನ್ನ ತಮ್ಮ ರಾಯ್ಸ್‌ನ ಕೊರಳಲ್ಲಿದ್ದ ಒಂದು ಹಿತ್ತಾಳೆ ಬಿಲ್ಲೆಯನ್ನು. ಇದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಕೊರೆದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಮೇಲೆ ಬಂದಾಗ ವಾಪಸು ಕೊಡಬೇಕು. ಬಿಲ್ಲೆ ಬಾರದಿದ್ದರೆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಗಣಿ ಮುಚ್ಚಿದ ದಿನ ಟ್ರೆಂಬಾತ್‌ಗಳ ಅಜ್ಜ ತನ್ನ ಬಿಲ್ಲೆಯನ್ನು ಮನೆಗೆ ತಂದಿದ್ದ. ನಂಬರು ನಲವತ್ತೊಂದು. ಅದನ್ನು ರಾಯ್ಸ್ ಬೂಟಿನ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದ. ರಾಯ್ಸ್ ನನ್ನ ಜೊತೆ ಓದಿದವನು. ಚೆಲುವ, ಸೋಮಾರಿ, ನಗಿಸುವವನು. ಊರಿಗೆ ಮೊದಲ ಡಿಟೆಕ್ಟರುಗಳು ಬಂದು ಎಲ್ಲರಿಗೂ ಚಿನ್ನದ ಹುಚ್ಚು ಹಿಡಿದಾಗ ಅವನು ಗುಡಾರ ಹೊತ್ತುಕೊಂಡು ವಾರಗಟ್ಟಲೆ ಕಾಡಿನಲ್ಲೇ ಇರತೊಡಗಿದ. ಸಾವಿರದ ಒಂಬೈನೂರ ಎಂಬತ್ತೊಂದರ ಜುಲೈ ಚಳಿಯಲ್ಲಿ ಹಾಗೆ ಹೋದವನು ಮತ್ತೆ ಬರಲಿಲ್ಲ.

ಅವನು ಹೋದದ್ದು ಪುರಸಭೆಯವರು ಹಳೆಯ ಗಣಿಬಾವಿಗಳನ್ನು ಮುಚ್ಚಿಸುತ್ತಿದ್ದ ಕಾಲ. ಚಿನ್ನಕ್ಕಾಗಿ ಅಗೆದು ಹಾಗೇ ಬಿಟ್ಟ ಬಾವಿಗಳು ಕಾಡಿನ ತುಂಬ ಬಾಯಿ ತೆರೆದುಕೊಂಡಿದ್ದವು. ರಾಯ್ಸ್ ಹೋದ ವಾರವೇ ಆ ಕಡೆಯ ಐರನ್‌ಬಾರ್ಕ್ ಮರಗಳ ನಡುವಿನ ಬಾವಿಗಳಿಗೆ ಮಣ್ಣು ತುಂಬಲಾಯಿತು. ಬುಲ್ಡೋಜರ್ ನಡೆಸುತ್ತಿದ್ದವನು ಹೆಡ್ಲಿ.

ಇನ್ನು ನಾನು ವಿವರಿಸಬೇಕಾಗಿಲ್ಲ. ರಾಯ್ಸ್ ಊರು ಬಿಟ್ಟು ಓಡಿದನೋ, ಅಥವಾ ಒಂದು ಬಾವಿಗೆ ಬಿದ್ದಿದ್ದವನ ಮೇಲೆ ಅಣ್ಣನೇ ಮಣ್ಣು ಸುರಿದನೋ, ಈ ಒಂದು ಪ್ರಶ್ನೆ ಹೆಡ್ಲಿಯನ್ನು ಸುಮಾರು ನಲವತ್ತು ವರ್ಷ ತಿಂದಿತು. ಆಗಿನ ಪೊಲೀಸರ ಮುಂದೆ ಅವನು ಇದನ್ನು ಹೇಳಿಯೇ ಹೇಳಿದ್ದ. ಅವರು ಭುಜ ತಟ್ಟಿ ಕಳಿಸಿದರು. ಯಾರೋ ರಾಯ್ಸ್‌ನನ್ನು ಉತ್ತರಕ್ಕೆ ಹೋಗುವ ಲಾರಿಯಲ್ಲಿ ಕಂಡಿದ್ದರಂತೆ, ಕ್ವೀನ್ಸ್‌ಲ್ಯಾಂಡಿಗೆ ಹೋಗಿರಬೇಕು, ಹುಡುಗಿ ಗಿಡುಗಿ ಇರಬೇಕು ಎಂದರು. ಅಣ್ಣತಮ್ಮಂದಿರ ತಾಯಿ ಅದನ್ನೇ ನಂಬಿದಳು. ಪ್ರತಿ ಕ್ರಿಸ್ಮಸ್ಸಿಗೂ ಟಪಾಲಿನವನ ಬೈಕಿನ ಸದ್ದಿಗೆ ಎದ್ದು ಬಾಗಿಲಿಗೆ ಬರುತ್ತಿದ್ದಳು. ಒಂದು ಕಾರ್ಡು ಹಾಕದ ಮಗನನ್ನು ಶಪಿಸುತ್ತಲೇ ಕಣ್ಣು ಮುಚ್ಚಿದಳು. ಅವಳ ಶಾಪ ಹೆಡ್ಲಿಗೆ ಸಹಿಸಲಾಗುತ್ತಿರಲಿಲ್ಲ. ಅವಳಿಗೆ ಸಮಾಧಾನ ಹೇಳಬೇಕೆಂದರೆ ಹೇಳಬೇಕಾದ ಮಾತು ಇನ್ನೂ ಭಯಂಕರವಾಗಿತ್ತು.

ಬೀಳುವಾಗ ಬಾವಿಯ ಅಂಚಿಗೆ ಸಿಕ್ಕಿ ದಾರ ಕಡಿದಿದ್ದರೆ ಬಿಲ್ಲೆ ಮೇಲೆಯೇ ಉಳಿದಿರಬೇಕು ಎಂಬುದು ಅವನ ಲೆಕ್ಕ. ಹಾಗಾಗಿ ಪ್ರತಿ ಭಾನುವಾರ ಸ್ಯಾಂಡ್‌ವಿಚ್ಚು, ಫ್ಲಾಸ್ಕಿನ ಚಹಾ ಕಟ್ಟಿಕೊಂಡು, ತಾನು ತುಂಬಿದ ಬಾವಿಗಳ ಸುತ್ತಲೇ ಸುತ್ತುತ್ತಿದ್ದ. ಮದುವೆಯಾಗಲಿಲ್ಲ. ಮೆಲ್ಬರ್ನ್ ನೋಡಲಿಲ್ಲ. ನಮ್ಮಲ್ಲಿ ಯಾರಿಗಾದರೂ ಗಣಿ ಬಿಲ್ಲೆ ಸಿಕ್ಕರೆ ಸೀದಾ ಅವನ ಬಳಿ ತರುತ್ತಿದ್ದರು. ಅವನು ಕನ್ನಡಕ ಹಾಕಿಕೊಂಡು ನೋಡಿ, "ಅಲ್ಲ" ಎಂದು ಹಿಂದಿರುಗಿಸುತ್ತಿದ್ದ. ಆ "ಅಲ್ಲ"ದಲ್ಲಿ ನಿರಾಸೆ ಇದೆಯೋ ನೆಮ್ಮದಿ ಇದೆಯೋ ನನಗೆ ಎಂದೂ ತಿಳಿಯಲಿಲ್ಲ.

ಕೀಟಲೆ ಇರಲಿಲ್ಲ ಎಂದಲ್ಲ. ಕೆಂಪು ಕೂದಲಿನವನನ್ನು ಬ್ಲೂ ಎಂದು ಕರೆಯುವ ಊರು ನಮ್ಮದು. ಹಾಗೆ ಬ್ಲೂ ಎನಿಸಿಕೊಂಡಿದ್ದವನು ಪಬ್ಬಿನಲ್ಲಿ ಬಿಯರ್ ಲೋಟ ಎತ್ತಿ, "ಹೆಡ್ಲಿ, ಆ ಕಾಡಿನ ನೆಲನ ನೀನು ಸವರಿರೋಷ್ಟು ನಾನು ನನ್ನ ಹೆಂಡ್ತಿನೂ ಸವರಿಲ್ಲ ಕಣೋ" ಎನ್ನುತ್ತಿದ್ದ.

"ಅದಕ್ಕೇ ಅವಳು ಓಡಿಹೋಗಿದ್ದು" ಎಂದು ಹೆಡ್ಲಿ ಮುಖ ಎತ್ತದೆ ಹೇಳುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಆ ಕಡೆ ಕಾಡ್ಗಿಚ್ಚು ಬಿತ್ತು. ಮೊಣಕಾಲುದ್ದ ಬೆಳೆದಿದ್ದ ಪೊದೆಗಳೆಲ್ಲ ಸುಟ್ಟು, ಯಾವ ಡಿಟೆಕ್ಟರೂ ಮುಟ್ಟದ ನೆಲ ಬತ್ತಲಾಯಿತು. ಬೂದಿ ಆರಿದ ಮೊದಲ ಭಾನುವಾರವೇ ಹೆಡ್ಲಿ ಹೋದ. ನಾನು ಮೊಮ್ಮಗಳ ಹುಟ್ಟುಹಬ್ಬಕ್ಕೆ ಬೆಂಡಿಗೋಗೆ ಹೋಗಿದ್ದೆ. ಸಂಜೆ ಅವನು ಫೋನು ಮಾಡಿದ. ಅವನು ತಾನಾಗಿ ಫೋನು ಮಾಡುವವನಲ್ಲ.

"ಒಂದು ಸಿಕ್ಕಿದೆ" ಎಂದ.

"ನಂಬರ್ ಎಷ್ಟು?"

"ಕಿಲುಬು ತುಂಬಿದೆ. ಕಾಣ್ತಿಲ್ಲ."

"ಮುಟ್ಬೇಡ. ಬೆಳಿಗ್ಗೆ ಬರ್ತೀನಿ. ಇಬ್ರೂ ಕೂತು ನಿಧಾನಕ್ಕೆ ತೊಳೆಯೋಣ."

"ಹೂಂ" ಎಂದ.

ಬೆಳಿಗ್ಗೆ ಬೇಕರಿಯಿಂದ ಎರಡು ಪೈ ಕಟ್ಟಿಸಿಕೊಂಡು ಹೋದೆ. ಅವನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಮುಂದೆ ಒಂದು ಗಾಜಿನ ಜಾಡಿ. ಅದರಲ್ಲಿ ಉಪ್ಪು ನೀರು. ಹಳೆಯ ಮೊಬೈಲ್ ಚಾರ್ಜರಿನ ಎರಡು ತಂತಿಗಳು ನೀರಿಗೆ ಇಳಿಬಿದ್ದಿದ್ದವು. ನೀರು ಹಸಿರು ಕೆಸರಾಗಿತ್ತು. ಪಕ್ಕದ ಬಟ್ಟೆಯ ಮೇಲೆ ಬಿಲ್ಲೆ ಇತ್ತು. ಆಗ ತಾನೇ ಎರಕ ಹೊಯ್ದ ಹಾಗೆ ಎರಡೂ ಬದಿ ನುಣ್ಣಗಿತ್ತು.

ಕರೆಂಟು ಬಿಟ್ಟು ಕಿಲುಬು ಕಿತ್ತಿದ್ದ. ಹೊಸಬರು ಹಾಗೆ ಮಾಡುತ್ತಾರೆ. ಅವಸರದವರು, ಸಂತೆಯಲ್ಲಿ ಮಾರುವವರು ಮಾಡುತ್ತಾರೆ. ಹೆಡ್ಲಿ ಮಾಡುವುದೆಂದರೆ ಪಾದ್ರಿಯೇ ಚರ್ಚಿಗೆ ಬೆಂಕಿ ಇಟ್ಟ ಹಾಗೆ.

"ಕಾಯೋಕಾಗ್ಲಿಲ್ಲ" ಎಂದ.

"ಒಂದು ಅಂಕಿನೂ ಕಾಣಿಸ್ಲಿಲ್ವಾ?"

"ಇಲ್ಲ."

ಆ ಪೈಗಳನ್ನು ಯಾರೂ ತಿನ್ನಲಿಲ್ಲ. ನಾನೇ ಅವನನ್ನು ಎಬ್ಬಿಸಿ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆ. ಕಾನ್‌ಸ್ಟೇಬಲ್ ತಾಲಿಯಾ ಮೊರೆಟ್ಟಿ ಚಿಕ್ಕ ವಯಸ್ಸಿನವಳು, ಊರಿಗೆ ಹೊಸಬಳು. ಆದರೂ ಹಳೆಯ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಟ್ರೆಂಬಾತ್ ಅವ್ರೇ, ಇಂಥಾವು ನೂರಾರು ಬಿದ್ದಿವೆ ಅಂತೀರಾ ನೀವೇ. ಬರೀ ಇದನ್ನ ತೋರಿಸಿದ್ರೆ ಬಾವಿ ಅಗೆಯೋಕೆ ಮೇಲಿನವರು ಒಪ್ಪಲ್ಲ. ನಂಬರ್ ನೋಡಿದ್ದೆ ಅಂತ ನೀವು ಹೇಳಿದ್ರೆ ಬೇರೆ ಮಾತು. ಜಾಡಿಗೆ ಹಾಕೋಕೆ ಮುಂಚೆ ಕಾಣಿಸ್ತಾ?"

ಅವಳು ಅವನಿಗೆ ಬಾಗಿಲು ತೆರೆದು ಹಿಡಿದಿದ್ದಳು. ಒಂದು "ಹೂಂ" ಸಾಕಾಗಿತ್ತು. ಹೆಡ್ಲಿ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತಿದ್ದ. "ಇಲ್ಲಮ್ಮ. ನೋಡ್ಲಿಲ್ಲ" ಎಂದ.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದೆ.

"ಬಿಲ್ಲೆ ಎಷ್ಟು ಹೊತ್ತು ಬಿಟ್ಟಿದ್ದೆ ಜಾಡಿಯಲ್ಲಿ?"

ಅವನು ಕಿಟಕಿಯ ಆಚೆ ನೋಡಿದ.

"ಹೆಡ್ಲಿ, ನಾನು ಬೇಕರಿಯವಳು. ಎಷ್ಟು ಹೊತ್ತಿಗೆ ಏನು ಸೀದು ಹೋಗುತ್ತೆ ಅಂತ ನನಗೆ ಗೊತ್ತು."

"ಗುಳ್ಳೆ ಏಳೋದು ನೋಡ್ದೆ" ಎಂದ ಕೊನೆಗೆ. "ಈಗ ತೆಗೀಬೇಕು ಅನ್ನಿಸ್ತು. ಎದ್ದು ಹೋಗಿ ಚಹಾ ಮಾಡ್ಕೊಂಡೆ. ಕುಡಿದೆ. ಲೋಟ ತೊಳೆದಿಟ್ಟೆ. ಆಮೇಲೆ ಬಂದೆ."

"ಬೇಕೂ ಅಂತ ಮಾಡಿದ್ಯಾ?"

"ನಲವತ್ತೊಂದು ಅಂತ ಇದ್ದಿದ್ರೆ ನಾನೇನು ಮಾಡ್ಬೇಕಿತ್ತು, ಗ್ಲೆನ್?"

ನನಗೆ ಕೋಪ ನೆತ್ತಿಗೇರಿತು. ಅಯ್ಯೋ ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ನಲವತ್ತು ವರ್ಷ ಒಬ್ಬ ಮನುಷ್ಯ ತನ್ನನ್ನೂ ನಮ್ಮನ್ನೂ ಹೀಗೆ ಸುತ್ತಿಸಿದನಲ್ಲ ಎನ್ನಿಸಿತು. "ನಿಮ್ಮಮ್ಮ ರಾಯ್ಸ್‌ನ ಬೈಕೊಂಡೇ ಸತ್ತಳು" ಎಂದೆ. "ಅವನು ಓಡಿಹೋಗಿಲ್ಲ ಅಂದ್ರೆ ಆ ಬೈಗುಳ ಅವನ ಮೇಲೆ ಇನ್ನೂ ಇದೆ. ತೆಗೆಯೋಕೆ ನೀನೊಬ್ಬನೇ ಉಳಿದಿರೋದು. ನಿನಗೆ ಹುಡುಕೋದು ಮಾತ್ರ ಬೇಕು. ಸಿಗೋದು ಬೇಡ. ಇಳಿ ನನ್ನ ಗಾಡಿಯಿಂದ."

ಅವನು ಇಳಿದ. ಆ ಬಿಸಿಲಲ್ಲಿ ಮನೆಯತ್ತ ನಡೆದುಕೊಂಡು ಹೋದ. ನಾನು ಕನ್ನಡಿಯಲ್ಲಿ ನೋಡುತ್ತ ಕೂತೆ, ಗಾಡಿ ತಿರುಗಿಸಲಿಲ್ಲ.

ಮರುದಿನ ಅವನು ಒಬ್ಬನೇ ಠಾಣೆಗೆ ಹೋದನಂತೆ. ಇದು ನನಗೆ ಗೊತ್ತಾದದ್ದು ಮೊರೆಟ್ಟಿ ನನ್ನ ಮನೆಗೆ ಬಂದಾಗ.

"ನಂಬರ್ ನೋಡಿದ್ದೆ ಅಂತಾರೆ. ನಲವತ್ತೊಂದಂತೆ" ಎಂದಳು. "ನಿನ್ನೆ ಇಲ್ಲ ಅಂದ್ರಲ್ಲ ಅಂದೆ. ನಿನ್ನೆ ಹೆದರಿದ್ದೆ ಅಂದ್ರು. ನೀವೇನಂತೀರಿ? ಅವರ ಮಾತು ನಂಬಬಹುದಾ?"

"ಊರಲ್ಲಿ ಯಾರನ್ನ ಬೇಕಾದ್ರೂ ಕೇಳು" ಎಂದೆ. "ಹೆಡ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚು ಹೇಳಿದ್ದನ್ನ ನಾನಂತೂ ಕೇಳಿಲ್ಲ."

ಅಷ್ಟೇ ಹೇಳಿದೆ. ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತು ಅತ್ತೆ. ಜೀವನದಲ್ಲಿ ಅವನು ಹೇಳಿದ ಒಂದೇ ಒಂದು ಸುಳ್ಳು ಅದು ಎಂದು ನನಗೆ ಗೊತ್ತಿತ್ತು. ಓಡಿಹೋಗಲು ಇದ್ದ ದಾರಿಯನ್ನು ಅವನೇ ಮುಚ್ಚಿಕೊಂಡಿದ್ದ.

ಅನುಮತಿ ಬರಲು ತಿಂಗಳುಗಳೇ ಹಿಡಿದವು. ಅಗೆಯುವ ಯಂತ್ರ ಬಂದಾಗ ಮತ್ತೆ ಚಳಿಗಾಲ. ಸುಟ್ಟ ಮರಗಳ ಕಾಂಡದ ಉದ್ದಕ್ಕೂ ಎಳೆ ಚಿಗುರು ಒಡೆದಿತ್ತು. ಊರಿನ ಅರ್ಧ ಜನ ಅಲ್ಲಿ ಬಂದು ನಿಂತಿದ್ದರು. ಹೆಡ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಅವನಿಗೊಂದು ಕಂಬಳಿ ಕೊಟ್ಟೆ. ಗಾಡಿಯಿಂದ ಇಳಿಸಿದ ದಿನದ ನಂತರ ನಾವು ಮಾತಾಡಿರಲಿಲ್ಲ. ಅವನು ಕಂಬಳಿ ಹೊದ್ದುಕೊಂಡ.

ಬಿಲ್ಲೆ ಸಿಕ್ಕ ಜಾಗದ ಪಕ್ಕದ ಬಾವಿಯನ್ನೇ ತೆರೆದರು. ಮಣ್ಣು, ಬೇಲಿಯ ತಂತಿ, ಒಂದು ಟೈರು. ಆಮೇಲೆ ಮೂಳೆಗಳು ಬಂದವು. ಕೆಳಗಿದ್ದವನು ಬೆಳಕು ಬಿಟ್ಟು ನೋಡಿ, "ಕುರಿ" ಎಂದ. ತಳದ ಗಟ್ಟಿ ಬಂಡೆ ಸಿಗುವವರೆಗೂ ಅಗೆದರು. ಬೇರೇನೂ ಇರಲಿಲ್ಲ.

ಗುಂಪಿನಲ್ಲಿ ಏನೋ ಸಡಿಲವಾಯಿತು. ಯಾರೋ ಥರ್ಮಾಸ್ ಬಿಚ್ಚಿದರು. ಬ್ಲೂ ಬಂದು ಹೆಡ್ಲಿಯ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ನೋಡಿದ್ಯಾ ಮಾರಾಯ, ಇಲ್ಲ. ಕ್ವೀನ್ಸ್‌ಲ್ಯಾಂಡಲ್ಲಿ ಮೊಮ್ಮಕ್ಕಳಿಗೆ ಈಜು ಕಲಿಸ್ತಾ ಇರ್ತಾನೆ ಆ ಕಳ್ಳ. ನಡಿ, ಒಂದು ಬಿಯರ್ ಕೊಡಿಸ್ತೀನಿ" ಎಂದ.

ನನಗೂ ಹಾಯೆನಿಸಿತ್ತು, ಸುಳ್ಳೇಕೆ ಹೇಳಲಿ. ಯಂತ್ರದವನು ಅಗೆಯುವ ತೋಳನ್ನು ಮಡಚುತ್ತಿದ್ದ. ಹೆಡ್ಲಿ ಆಗ ಎದ್ದು ಬ್ಲೂನ ಕೈ ಹಿಡಿದು ಬಿಯರಿಗೆ ಹೋಗಿಬಿಡಬಹುದಿತ್ತು. ಯಾರೂ ಅವನನ್ನು ತಪ್ಪು ಎನ್ನುತ್ತಿರಲಿಲ್ಲ. ಉಳಿದ ನಾಲ್ಕು ದಿನ ನಿದ್ದೆ ಮಾಡಬಹುದಿತ್ತು.

ಅವನು ಎದ್ದ. ಕಂಬಳಿಯನ್ನು ಮಡಿಸಿ ಕುರ್ಚಿಯ ಮೇಲಿಟ್ಟ. ಮೊರೆಟ್ಟಿಯ ಹತ್ತಿರ ಹೋಗಿ ಆಚೆಯ ದಿಬ್ಬದತ್ತ ಕೈ ತೋರಿಸಿದ. ಬಿಲ್ಲೆ ಸಿಕ್ಕ ಜಾಗಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ಆ ಎರಡು ಮರದ ನಡುವೆ ಇನ್ನೊಂದಿದೆ. ಅದನ್ನೂ ತೆಗೀರಿ."

"ಯಾಕೆ ಅದು?"

"ಆವತ್ತು ನಾನು ಶುರು ಮಾಡಿದ್ದು ಅಲ್ಲಿಂದ."

ಮೊರೆಟ್ಟಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಯಂತ್ರದವನಿಗೆ ಕೈಸನ್ನೆ ಮಾಡಿದಳು. ಹೆಡ್ಲಿ ತಾನೇ ಮುಂದೆ ನಿಂತು ಬಾವಿಯ ಬಾಯಿ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಬೂಟಿನ ಹಿಮ್ಮಡಿಯಿಂದ ಗೆರೆ ಎಳೆದು ತೋರಿಸಿದ. "ಈ ಕಡೆಯಿಂದ ನಿಧಾನಕ್ಕೆ. ಮಣ್ಣು ಸಡಿಲ ಇದೆ" ಎಂದ.

ರಾಯ್ಸ್ ಸಿಕ್ಕಿದ್ದು ಮರುದಿನ ಮಧ್ಯಾಹ್ನ, ತೀರ ಕೆಳಗೆ. ಬೂಟುಗಳು ಮೊದಲು ಬಂದವು. ಕೊರಳ ಮೂಳೆಗಳ ನಡುವೆ ಬಿಲ್ಲೆ ಇತ್ತು. ಒಣ ಮಣ್ಣಿನಲ್ಲಿ ಅದಕ್ಕೆ ಕಿಲುಬೇ ಹತ್ತಿರಲಿಲ್ಲ. ಬೆರಳಿನಿಂದ ಒರೆಸಿದರೆ ನಂಬರು ಓದಬಹುದಿತ್ತು. ಅಂದರೆ ದಾರ ಎಂದೂ ಕಡಿದಿರಲೇ ಇಲ್ಲ. ಅಷ್ಟು ವರ್ಷ ಅವನು ನೆಲದ ಮೇಲೆ ಹುಡುಕಿದ್ದು ಅಲ್ಲಿರದ ವಸ್ತುವನ್ನು, ಜಾಡಿಯಲ್ಲಿ ಅಳಿಸಿದ್ದು ಯಾವನೋ ಅಪರಿಚಿತನ ನಂಬರನ್ನು.

ಮೊರೆಟ್ಟಿ ಎರಡೂ ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಹೆಡ್ಲಿಯ ಮುಂದೆ ನಿಂತಳು. ಒಂದು ನುಣ್ಣಗಿತ್ತು. ಇನ್ನೊಂದರಲ್ಲಿ ನಲವತ್ತೊಂದು ಎಂದಿತ್ತು.

"ಸುಳ್ಳು ಹೇಳಿದ್ದೆ" ಎಂದ ಹೆಡ್ಲಿ.

"ನಂಗೀಗ ಕಿವಿ ಸರಿಯಾಗಿ ಕೇಳಿಸ್ತಿಲ್ಲ" ಎಂದು ಅವಳು ತಿರುಗಿ ಹೋದಳು. ಆ ಹುಡುಗಿಯ ಮೇಲೆ ನನಗೆ ಇವತ್ತಿಗೂ ಗೌರವ.

ರಾಯ್ಸ್‌ನನ್ನು ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಅದಾದ ಕೆಲವು ದಿನಕ್ಕೆ ಮೂಳೆ ಪರೀಕ್ಷಿಸಿದ ಡಾಕ್ಟರು ಮೆಲ್ಬರ್ನಿನಿಂದ ತಾನೇ ಕಾರು ಓಡಿಸಿಕೊಂಡು ಬಂದಳು. ಹೆಡ್ಲಿ ನನ್ನನ್ನೂ ಕರೆದಿದ್ದ. ಅವಳು ಚಹಾ ಮುಟ್ಟಲಿಲ್ಲ. ನಿಮಗೆ ಏನಾದರೂ ಕೇಳುವುದಿದೆಯೇ ಎಂದಳು.

"ಮಣ್ಣು ಬಿದ್ದಾಗ ಅವನು ಬದುಕಿದ್ನಾ?" ಎಂದು ಹೆಡ್ಲಿ ಕೇಳಿದ. ಹವಾಮಾನ ಕೇಳುವ ಹಾಗೆ ಕೇಳಿದ.

"ಎರಡೂ ಕಾಲು ಮುರಿದಿವೆ, ಬಿದ್ದ ಏಟಿಗೆ. ತಲೆಗೆ ಪೆಟ್ಟಾಗಿಲ್ಲ. ಮೂಳೆ ಅಷ್ಟು ಹೇಳುತ್ತೆ. ಎಷ್ಟು ಹೊತ್ತು ಜೀವ ಇತ್ತು ಅಂತ ಮೂಳೆ ಹೇಳಲ್ಲ. ಕ್ಷಮಿಸಿ."

ಅವಳನ್ನು ಬಾಗಿಲವರೆಗೆ ಬಿಟ್ಟು ಬಂದೆ. ಹೆಡ್ಲಿ ಕೂತಲ್ಲೇ ಕೂತಿದ್ದ. ಏನಾದರೂ ಹೇಳಬೇಕಲ್ಲ ಎಂದು, "ಗೊತ್ತಿಲ್ಲ ಅಂದ್ಲಲ್ಲ. ಬಿದ್ದ ತಕ್ಷಣವೇ ಹೋಗಿರಬಹುದು" ಎಂದೆ.

"ತುಂಬೋಕೆ ಮುಂಚೆ ಬುಲ್ಡೋಜರ್ ನಿಲ್ಲಿಸಿ ಬಾವಿಯೊಳಗೆ ಕೂಗ್ಬೇಕು" ಎಂದ ಅವನು. "ಕುರಿ, ನಾಯಿ ಏನಾದ್ರೂ ಬಿದ್ದಿದ್ರೆ ಅಂತ. ನಮಗಿಂತ ಹಿಂದಿನವರಿಂದ ಬಂದ ಪದ್ಧತಿ. ಕೂಗಿ, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲೋದು."

"ನೀನು ಕೂಗಿರ್ತೀಯ ಹೆಡ್ಲಿ. ನಿನ್ನ ವಿಷಯ ನನಗೆ ಗೊತ್ತಿಲ್ವಾ."

"ಎಲ್ಲದಕ್ಕೂ ಕೂಗಿದೀನಿ. ಅದೊಂದು ಬಿಟ್ಟು. ಆವತ್ತು ಬೆಳಿಗ್ಗೆ ಹಿಮ ಬಿದ್ದು ಎಂಜಿನ್ ಹತ್ತಲಿಲ್ಲ. ಒಂದು ಗಂಟೆ ಒದ್ದಾಡಿ ಹತ್ತಿಸಿದ್ದೆ. ನಿಲ್ಲಿಸಿದ್ರೆ ಮತ್ತೆ ಹತ್ತುತ್ತೋ ಇಲ್ವೋ ಅಂತ, ಮೊದಲನೇ ಬಾವಿಗೆ ನಿಲ್ಲಿಸ್ಲೇ ಇಲ್ಲ. ಆ ಸದ್ದಿನಲ್ಲಿ ಅವನು ಕೂಗಿದ್ರೂ ನನಗೆ ಕೇಳ್ತಿರ್ಲಿಲ್ಲ."

ನಾನು ಅವನ ಪಕ್ಕದ ಕುರ್ಚಿಯಲ್ಲಿ ಕೂತೆ.